ಬಿಸಿಯೂಟದಕ್ಕನ ಬಲಗೈ

2022ರ ಆಗಸ್ಟ್ 21, ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ ಆರೂ ನಲವತ್ತು.

ಬಿಸಿಯೂಟದಕ್ಕನ ಎರಡು ಕೈಗಳು ಒಬ್ಬಳೇ ಹೆಂಗಸಿನ ಕೈಗಳಂತೆ ಕಾಣುತ್ತಿರಲಿಲ್ಲ. ಎಡಗೈ ನಮ್ಮ ಅಮ್ಮಂದಿರ ಕೈಯಂತೆ ಸಾಧಾರಣದ್ದು. ಬಲಗೈ ಮಾತ್ರ ಭುಜದಿಂದ ಮೊಣಕೈವರೆಗೆ ಹುರಿಗೊಂಡ ಹಗ್ಗದಂತೆ ದಪ್ಪ, ಮುಂಗೈ ತುಂಬ ಸಾರು ಸಿಡಿದು ಆದ ಬಿಳಿ ಚುಕ್ಕೆಗಳು. ಎನ್.ಆರ್. ಪುರದ ಟೈಲರ್ ಅಕ್ಕನ ರವಿಕೆಗೆ ಎರಡು ತೋಳಿಗೂ ಬೇರೆ ಬೇರೆ ಅಳತೆ ತೆಗೆಯಬೇಕಾಗಿತ್ತು. ಒಮ್ಮೆ ಮರೆತು ಎರಡನ್ನೂ ಒಂದೇ ಅಳತೆಗೆ ಹೊಲಿದುಬಿಟ್ಟ. ಅಕ್ಕ ಅದನ್ನೇ ತೊಟ್ಟು ಶಾಲೆಗೆ ಬಂದರು. ಅನ್ನದ ಪಾತ್ರೆ ಇಳಿಸುವಾಗ ಬಲತೋಳು ಪರ್ರನೆ ಹರಿಯಿತು. "ಅವ್ನ ಕತ್ರಿಗೆ ತುಕ್ಕು ಹಿಡಿಲಿ" ಎಂದು ಬೈದು, ಹರಿದ ತೋಳಿನಲ್ಲೇ ಅಷ್ಟೂ ಮಕ್ಕಳಿಗೆ ಬಡಿಸಿದರು.

ನಮ್ಮೂರು ಕಡಹಿನಬೈಲು ದಾಟಿ ಒಳಕ್ಕೆ ಹೋದರೆ ಸಿಗುತ್ತದೆ. ಹೆಸರು ಬೇಡ. ಇದರಲ್ಲಿ ನಾನು ಬೈಯುವ ಜನ ಇನ್ನೂ ಅಲ್ಲೇ ಇದ್ದಾರೆ, ದಿನಾ ಎದುರಿಗೆ ಸಿಗುತ್ತಾರೆ, ಸಿಕ್ಕಾಗ ನನ್ನನ್ನು ಚೆನ್ನಾಗಿಯೇ ಮಾತನಾಡಿಸುತ್ತಾರೆ. ಅವರಲ್ಲಿ ಒಬ್ಬರು ನನ್ನ ಅಪ್ಪ.

ಊರಿನ ಸರ್ಕಾರಿ ಶಾಲೆಯಲ್ಲಿ ಅಕ್ಕ ಅಡುಗೆಯವರು. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ನಾನು ಮಧ್ಯಾಹ್ನ ಉಂಡದ್ದು ಅವರು ಮಾಡಿದ ಅನ್ನ. ಅವರಿಗೆ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ, ತಟ್ಟೆ ನೆನಪಿರುತ್ತಿತ್ತು. ತಟ್ಟೆಯಲ್ಲಿ ಯಾರು ಏನು ಬಿಡುತ್ತಾರೋ ಅದೇ ಅವರ ಹೆಸರು. ಒಬ್ಬ ಕರಿಬೇವು, ಒಬ್ಬಳು ಬದನೆ, ಇನ್ನೊಬ್ಬ ಮೆಣಸಿನಕಾಯಿ. ನಾನು ಟೊಮೆಟೊ ಸಿಪ್ಪೆಗಳನ್ನು ಆರಿಸಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ ಎಣಿಸುತ್ತಿದ್ದೆ. ಹಾಗಾಗಿ ನಾನು ಸಿಪ್ಪೆ. ಡಿಗ್ರಿಗೆ ಸೇರಿದ ಮೇಲೂ ಬಸ್‌ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಎದುರಿಗೆ "ಏ ಸಿಪ್ಪೆ, ಕಾಲೇಜು ಬಿಡ್ತನೇ?" ಎಂದು ಕೂಗುವರು. ನನ್ನ ಜೊತೆಯ ಹುಡುಗಿಯರು ಒಂದು ವಾರ ನಗುವರು.

ಅವರು ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಬರೆದುಬಿಡಬೇಕು, ಏಕೆಂದರೆ ತೀರಿಕೊಂಡ ಮೇಲೆ ಎಲ್ಲರೂ ಅವರನ್ನು "ಪಾಪದವರು, ಯಾರಿಗೂ ಒಂದು ಮಾತು ಆಡಿದವರಲ್ಲ" ಎಂದು ಹೇಳುತ್ತಿದ್ದಾರೆ. ಶುದ್ಧ ಸುಳ್ಳು. ಎಲ್ಲರಿಗೂ ಆಡಿದವರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಲೆಕ್ಕದ ಮೇಷ್ಟ್ರು, "ಭಾಗಾಕಾರ ಮುಗಿಸದವರಿಗೆ ಇವತ್ತು ಊಟಕ್ಕೆ ಬಿಡೋದಿಲ್ಲ" ಎಂದು ಒಂಬತ್ತು ಜನರನ್ನು ಒಳಗೇ ಕೂರಿಸಿದರು. ಅಕ್ಕ ಉದ್ದ ಹಿಡಿಕೆಯ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಸೌಟಿನಿಂದ ಸಾರು ಹನಿಯುತ್ತಿತ್ತು.

"ಮೇಷ್ಟ್ರೇ, ಲೆಕ್ಕ ನಿಮ್ದು, ಹೊಟ್ಟೆ ನಂದು. ನಿಮ್ಮ ಭಾಗಾಕಾರಕ್ಕೆ ನನ್ನ ಅನ್ನ ಎಂತಕ್ಕೆ ತಣ್ಣಗಾಗ್ಬೇಕು?"

"ಶಿಸ್ತು ಅಂತ ಒಂದಿರ್ತದಲ್ಲ ಅಕ್ಕ."

"ಉಂಡ ಮೇಲೆ ಮಾಡಿ ಶಿಸ್ತು. ಏಳ್ರೋ, ಕೈ ತೊಳ್ಕಳಿ."

ನಾವು ಎದ್ದೆವು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ ನಿಂತರು. ಆ ಮೇಷ್ಟ್ರೇ ಮುಂದೆ ಅದೇ ಶಾಲೆಗೆ ಹೆಡ್‌ಮಾಸ್ಟರ್ ಆದರು. ಕೆಟ್ಟ ಮನುಷ್ಯ ಅಲ್ಲ. ಸುತ್ತೋಲೆಗೆ ಹೆದರುವ ಮನುಷ್ಯ. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಎಂದು ನನಗೆ ಆಗ ಗೊತ್ತಿರಲಿಲ್ಲ.

ಅಕ್ಕನಿಗೆ ಕೈನೋವು ಮೊದಲೂ ಇತ್ತು. ಇಲ್ಲದೆ ಇರಲು ಸಾಧ್ಯವೇ? ದಿನಾ ಅಷ್ಟು ದೊಡ್ಡ ಪಾತ್ರೆಯಲ್ಲಿ ಅನ್ನ ತಿರುವಿ, ಸಾರು ತಿರುವಿ, ಎತ್ತಿ, ಇಳಿಸಿ, ಉಜ್ಜಿ ತೊಳೆಯುವ ಕೈ. ಆದರೆ ಅದು ಹೇಗಿತ್ತೆಂದರೆ, ವಾರದ ದಿನಗಳಲ್ಲಿ ಇರುತ್ತಿರಲಿಲ್ಲ, ಭಾನುವಾರ ಬರುತ್ತಿತ್ತು. "ರಜೆ ದಿನ ನೆಂಟ್ರು ಬಂದಂಗೆ ಬತ್ತದೆ ಮಾರಾಯ್ತಿ. ಸೋಮವಾರ ಹನ್ನೆರಡೂವರೆಗೆ ಮಕ್ಳು ಬರ್ತಾವೆ, ಅಷ್ಟೊತ್ತಿಗೆ ನೀನು ಹೋಗಿರ್ಬೇಕು ಅಂತ ಹೇಳ್ತೀನಿ. ಹೋಗ್ತದೆ" ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಅವರು ಸುಮ್ಮನೆ ಕೂತದ್ದನ್ನು ಯಾರೂ ಕಂಡಿಲ್ಲ. ಕೊಪ್ಪ, ಶೃಂಗೇರಿ ಕಡೆ ಮದುವೆ ಅಡುಗೆಗೆ ಹೋಗುವರು. ಅಲ್ಲಿ ಇನ್ನೂ ದೊಡ್ಡ ಪಾತ್ರೆ. ಜೂನಿಗೆ ಶಾಲೆ ಶುರುವಾದಾಗ ಬಲಗೈ ಇನ್ನೂ ಒಂದು ಸುತ್ತು ದಪ್ಪವಾಗಿರುತ್ತಿತ್ತು.

2020ರ ಮಾರ್ಚ್ ಮಧ್ಯದಲ್ಲಿ ಕೊರೊನಾ ಎಂದು ಶಾಲೆ ಮುಚ್ಚಿತು. ಅಕ್ಕ ಪಾತ್ರೆಗಳನ್ನು ಬೋರಲು ಹಾಕಿ, ಅಡುಗೆಕೋಣೆಗೆ ಬೀಗ ಹಾಕಿ, ಬೀಗದಕೈ ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಹೋದರು. ಒಂದು ವಾರದ ಮಾತು ಎಂದುಕೊಂಡಿದ್ದರು. ಎಲ್ಲರೂ ಹಾಗೇ ಅಂದುಕೊಂಡಿದ್ದೆವು.

ಅವರ ಮನೆಯಲ್ಲಿ ಇದ್ದದ್ದು ಮೂರೇ ಜನ: ಅಕ್ಕ, ಪಿಕಪ್ ಗಾಡಿ ಓಡಿಸುವ ಮಗ, ಸೊಸೆ. ಮೂರು ಜನರಿಗೆ ಅಡುಗೆ ಮಾಡುವುದು ಅಕ್ಕನಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಮೊದಲಿಂದಲೂ ಒಲೆ ಸೊಸೆಯದು. ಲಾಕ್‌ಡೌನಿನಲ್ಲಿ ಹೊತ್ತು ಹೋಗದೆ ಇವರು ಕೈ ಹಾಕಿದರು. ಹುರುಳಿ ಸಾರು ಮಾಡಿದರೆ ಮೂವತ್ತು ಜನಕ್ಕೆ ಸಾಕಾಗುವಷ್ಟು. ಕಡಿಮೆ ಹಾಕಲು ನೋಡಿದರೆ ಉಪ್ಪು, ಹುಳಿ, ಖಾರ ಯಾವುದೂ ಹೊಂದುತ್ತಿರಲಿಲ್ಲ. ಮುಷ್ಟಿಯಲ್ಲಿ ಉಪ್ಪು ಹಾಕಿ ಅಭ್ಯಾಸವಾದವರಿಗೆ ಚಿಟಿಕೆ ಗೊತ್ತಾಗುವುದು ಹೇಗೆ? ದೊಡ್ಡದಾಗಿ ಮಾಡಿದರೆ ಮಾತ್ರ ರುಚಿ. ಮಾಡಿದರು. ಮಿಕ್ಕದ್ದನ್ನು ಹಿಡಿಕೆಯ ತೂಗುಪಾತ್ರೆಯಲ್ಲಿ ಹಾಕಿಕೊಂಡು ಮನೆ ಮನೆಗೆ ಹೊರಟರು. ನಮ್ಮ ಕಡೆ ಅದೇನು ಹೊಸದಲ್ಲ, ಬೇಲಿಯಾಚೆಯಿಂದ ಪಲ್ಯ ಬರುವುದು, ಈಚೆಯಿಂದ ಚಟ್ನಿ ಹೋಗುವುದು ದಿನದ ರೂಢಿ.

ನಮ್ಮ ಮನೆಗೆ ಬಂದಾಗ ಅಪ್ಪ ಅಂಗಳದಲ್ಲೇ ತಡೆದರು. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡಿದ್ದರು.

"ಅಕ್ಕಾ, ಬೇಜಾರು ಮಾಡ್ಕಬೇಡಿ. ಈಗ ಯಾರ ಮನೇದೂ ತಗಳಂಗಿಲ್ಲ."

"ಏಳು ವರ್ಷ ನಿನ್ನ ಮಗಳು ತಿಂದಿದ್ದು ಇದೇ ಕೈದಲ್ವನಾ?"

"ಅದು ಬೇರೆ ಅಕ್ಕ, ಇದು ಬೇರೆ."

"ಕುದ್ದು ಕುದ್ದು ಇಳಿಸಿದ ಸಾರು ಮಾರಾಯ. ಅದ್ರೊಳಗೆ ಎಂತ ಬದುಕಿರ್ತದೆ?"

ಅಪ್ಪ ಟವೆಲನ್ನು ಇನ್ನೂ ಮೇಲಕ್ಕೆ ಎಳೆದುಕೊಂಡರು. ಅಕ್ಕ ತಿರುಗಿ ಹೋಗುವಾಗ ನಮ್ಮ ಬೇಲಿಯ ಪಕ್ಕದ ಬಾಳೆಬುಡಕ್ಕೆ ಅಷ್ಟನ್ನೂ ಸುರಿದರು, ನಾವು ನೋಡುವ ಹಾಗೆ. ಹಬೆ ಎದ್ದಿತು. ಅಪ್ಪನಿಗೆ ಸಿಟ್ಟು ಬಂತು, "ಹೆಂಗಸಿಗೆ ಎಷ್ಟು ಗರ್ವ" ಎಂದರು. ಆ ಹೊತ್ತಿನಲ್ಲಿ ಅಪ್ಪ ಮಾಡಿದ್ದು ತಪ್ಪೆಂದು ನನಗೂ ಖಚಿತವಾಗಿ ಹೇಳಲು ಬರುವುದಿಲ್ಲ. ಎಲ್ಲರಿಗೂ ಹೆದರಿಕೆ. ಆದರೆ ಗರ್ವ ಎಂದದ್ದು ತಪ್ಪು. ಅದಕ್ಕೆ ಇವತ್ತಿಗೂ ನನಗೆ ಅಪ್ಪನ ಮೇಲೆ ಸಿಟ್ಟಿದೆ.

ಇನ್ನೂ ಎರಡು ಮನೆಯಲ್ಲಿ ಹೀಗೇ ಆಯಿತು. ಆಮೇಲೆ ಸೊಸೆ ಸೌಟು ಕೈಗೆ ತೆಗೆದುಕೊಂಡಳು. "ಅತ್ತೆ, ಇಷ್ಟು ವರ್ಷ ದುಡಿದ್ರಿ. ನೀವು ಕೂತ್ಕಳಿ" ಎಂದಳು. ಮಗನೂ "ಅಮ್ಮ, ಕೂತ್ಕಾ" ಎಂದ. ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು, ವಯಸ್ಸು ಐವತ್ತೆಂಟು. ಹೊರಗೆ ಕಾಲಿಟ್ಟರೆ ಸತ್ತೇಹೋಗುತ್ತಾರೆ ಎಂದು ಟಿವಿ ದಿನವಿಡೀ ಹೇಳುತ್ತಿತ್ತು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅದೇ ಟಿವಿಯ ಎದುರು ಕೂರಿಸಿದರು. ಪ್ರೀತಿಯಿಂದಲೇ ಕೂರಿಸಿದರು, ಅದು ನನಗೆ ಗೊತ್ತು. ಒಂದು ಹೆಂಗಸನ್ನು ಪ್ರೀತಿಯಿಂದ ಹೇಗೆ ಹಾಳುಮಾಡಬಹುದು ಎಂದು ನಾನು ಕಲಿತದ್ದು ಆ ಕುರ್ಚಿಯನ್ನು ನೋಡಿ.

ಭಾನುವಾರದ ನೋವು ಬಂತು. ಸೋಮವಾರ ಹೋಗಲಿಲ್ಲ. ಹೋಗಲು ಸೋಮವಾರವೇ ಇರಲಿಲ್ಲ. ಮೇ ತಿಂಗಳಿಗೆ ಭುಜ ಎತ್ತಿದರೆ ಉರಿ. ಮನೆಯವರು, ಅಕ್ಕಪಕ್ಕದವರು, ಫೋನಿನಲ್ಲಿ ನೆಂಟರು ಎಲ್ಲರೂ ಒಂದೇ ಔಷಧ ಹೇಳಿದರು: ಕೈಗೆ ವಿಶ್ರಾಂತಿ ಕೊಡಿ. ಮಗ ಟವೆಲಿನಲ್ಲಿ ಕೈಯನ್ನು ಕುತ್ತಿಗೆಗೆ ಕಟ್ಟಿದ. ತಿಂಗಳುಗಟ್ಟಲೆ ಹಾಗೇ ಕಟ್ಟಿಟ್ಟರು.

ಜೂನ್ ಕೊನೆಯಲ್ಲಿ ನಮ್ಮ ಕಾಲೇಜಿನ ಆನ್‌ಲೈನ್ ಕ್ಲಾಸ್ ಶುರುವಾಯಿತು. ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಜಗಲಿಯಲ್ಲಿ, ಅದೂ ಅಡುಗೆಕೋಣೆಯ ಕಡೆಯ ತುದಿಯಲ್ಲಿ. ನಾನು ಮೊಬೈಲ್ ಹಿಡಿದು ಅಲ್ಲಿ ಕೂರತೊಡಗಿದೆ. ಮೂರನೇ ದಿನ ಅಕ್ಕ ಬಂದರು. ಕೈ ಕುತ್ತಿಗೆಯಿಂದ ನೇತಾಡುತ್ತಿತ್ತು. "ಇಲಿ ಬಿದ್ದಾವಾ ನೋಡ್ಬೇಕು" ಎಂದು ಬೀಗ ತೆಗೆದು ಒಳಗೆ ಹೋಗಿ, ಎಡಗೈಯಲ್ಲೇ ಪಾತ್ರೆಗಳನ್ನು ಕೆಳಗಿಳಿಸಿ ತೊಳೆದರು. ಮರುದಿನ ಅವೇ ಪಾತ್ರೆ ಮತ್ತೆ ತೊಳೆದರು.

"ನಿನ್ನೆ ತೊಳೆದಿದ್ರಲ್ಲ ಅಕ್ಕ?"

"ನೀನು ನಿನ್ನೆ ಪಾಠ ಕೇಳಿದ್ಯಲ್ಲ, ಇವತ್ತು ಎಂತಕ್ಕೆ ಬಂದೆ?" ಎಂದರು. ನನ್ನ ಮೊಬೈಲಿಗೆ ಕಿವಿ ಕೊಟ್ಟು, "ನಿನ್ನ ಮೇಷ್ಟ್ರು ಎಂತ, ಬಾವಿಯೊಳಗೆ ಕೂತು ಪಾಠ ಮಾಡ್ತಾರಾ?" ಎಂದರು. ಬಹಳ ದಿನದ ಮೇಲೆ ಅವರು ನಕ್ಕದ್ದು ಎಂದು ಆಮೇಲೆ ಸೊಸೆಯಿಂದ ತಿಳಿಯಿತು.

ಜುಲೈಯಲ್ಲಿ ಮಗ ಅವರನ್ನು ಎನ್.ಆರ್. ಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮರುದಿನ ಅಕ್ಕ ಅದನ್ನು ಹೇಳಿದ ರೀತಿ ಹೀಗೆ: "ಟವೆಲ್ ನೋಡಿ ಡಾಕ್ಟ್ರಿಗೆ ತಲೆ ಕೆಟ್ಟೋಯ್ತು. ಯಾರ್ರೀ ಕಟ್ಟಿದ್ದು ಇದನ್ನ, ಸಕ್ಕರೆ ಇರೋರ ಭುಜ ಆಡಿಸ್ದೆ ಇಟ್ರೆ ಕೀಲು ಬಿಗಿದು ಕೂರ್ತದೆ ಅಂತ ಬೈದ್ರು. ನನ್ನ ಮಗ ನೆಲ ನೋಡ್ತಿದ್ದ. ನಿದ್ದೆ ಬರ್ತದಾ ಅಂತ ಕೇಳಿದ್ರು. ಬರ್ತದೆ ಸಾರ್, ಬಂದು ನನ್ನ ಮುಖ ನೋಡಿ ಎದ್ದು ಹೋಗ್ತದೆ ಅಂದೆ."

ಡಾಕ್ಟರು ಹೇಳಿದ ಚಿಕಿತ್ಸೆ ಇಷ್ಟು: ಗೋಡೆಗೆ ಎದುರಾಗಿ ನಿಂತು, ಬಲಗೈಯ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಗೋಡೆಯ ಮೇಲೆ ನಿಧಾನಕ್ಕೆ ಮೇಲೆ ಹತ್ತಿಸುವುದು. ನೋವಾದರೂ ಬಿಡಬಾರದು. ದಿನಾ ಸ್ವಲ್ಪ ಮೇಲೆ.

ಇದು ನನಗೆ ಹೇಳಿ ಮಾಡಿಸಿದ ಕೆಲಸ. ಒಲೆಯ ಮೇಲೆ ಸಾರಿನ ಪಾತ್ರೆ ಇಟ್ಟಾಗ ಅದರ ಬಾಯಿ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ನೋಡಿ, ಅಡುಗೆಕೋಣೆಯ ಹೊರಗೋಡೆಯ ಮೇಲೆ ಅದೇ ಎತ್ತರಕ್ಕೆ ಇದ್ದಿಲಿನಲ್ಲಿ ಒಂದು ದಪ್ಪ ಗೆರೆ ಎಳೆದೆ. ಅದರ ಮೇಲೆ ಒಂದು ಗೇಣು ಬಿಟ್ಟು ಇನ್ನೊಂದು ಗೆರೆ. ಸೌಟು ಹಿಡಿದು ತಿರುವಲು ಕೈ ಅಲ್ಲಿಗೆ ಹೋಗಬೇಕು. "ಅಲ್ಲಿಗೆ ಹೋದ್ರೆ ಸಾಕು. ದೇವರಿಗೆ ಕೈ ಮುಗಿಯಕ್ಕೆ ಇನ್ನೂ ಮೇಲೆ ಬೇಕು, ಅದನ್ನ ಆಮೇಲೆ ನೋಡನ" ಎಂದರು ಅಕ್ಕ. ಶಾಲೆ ಇವತ್ತಲ್ಲ ನಾಳೆ ತೆರೆಯುತ್ತದೆ, ಅಷ್ಟರಲ್ಲಿ ಕೈ ಮೇಲಿನ ಗೆರೆ ಮುಟ್ಟಬೇಕು. ಇಲ್ಲವಾದರೆ ಬೇರೆಯವರು ಬರುತ್ತಾರೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೊದಲ ದಿನ ಬೆರಳು ಸೊಂಟದ ಎತ್ತರ ದಾಟಿ ಸ್ವಲ್ಪ ಮೇಲೆ ಹೋಗಿ ನಿಂತಿತು. ಅಕ್ಕನ ಹಣೆ ಬೆವರಿತು. ಗೋಡೆಯನ್ನೇ ಬೈದರು: "ನಿನ್ನ ಕಟ್ಟಿದ ಗಾರೆಯವ್ನ ಕೈಗೂ ಹಿಂಗೇ ಆಗ್ಲಿ." ಬೆರಳು ನಿಂತಲ್ಲಿ ನಾನು ಸಣ್ಣ ಗೆರೆ ಎಳೆದು ತಾರೀಕು ಬರೆದೆ. ಹೀಗೆ ದಿನಾ. ಕೆಲವು ದಿನ ಗೆರೆ ಕೆಳಗೂ ಬಂತು. ನಿದ್ದೆ ಇಲ್ಲದ ಮರುದಿನ, ಸೊಸೆಯ ಜೊತೆ ಮಾತು ಬೆಳೆದ ಮರುದಿನ, ಟಿವಿಯಲ್ಲಿ ಹೆಣಗಳ ಸಾಲು ತೋರಿಸಿದ ಮರುದಿನ ಖಂಡಿತ ಕೆಳಗೆ. ನೋವು ಭುಜದಲ್ಲಿ ಮಾತ್ರ ಇರುವುದಲ್ಲ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ, ಆ ಗೋಡೆ ಹೇಳಿತು. ಆದರೂ ಒಟ್ಟಿನಲ್ಲಿ ಗೆರೆಗಳು ಮೇಲೇ ಹೋಗುತ್ತಿದ್ದವು. ಆಗಸ್ಟ್ ಕೊನೆಗೆ ಪಾತ್ರೆಯ ಬಾಯಿಯ ಗೆರೆ ಮುಟ್ಟಿದರು. ಅವತ್ತು ಮನೆಯಿಂದ ಬೆಲ್ಲ ತಂದು ನನಗೆ ಒಂದು ತುಂಡು ಕೊಟ್ಟರು. ತಾವು ತಿನ್ನಲಿಲ್ಲ.

ಅದೇ ದಿನಗಳಲ್ಲಿ ಮಕ್ಕಳಿಗೆ ಮರದಡಿ, ಮನೆ ಜಗಲಿಗಳಲ್ಲಿ ಪಾಠ ಶುರುವಾಗಿತ್ತು. ಮೇಷ್ಟ್ರುಗಳು ಊರೂರಿಗೆ ಹೋಗಿ ಹೇಳಿಕೊಡುತ್ತಿದ್ದರು. ನಮ್ಮ ಶಾಲೆಯ ಎದುರಿನ ಹಲಸಿನ ಮರದಡಿ ಹದಿನೈದು ಇಪ್ಪತ್ತು ಮಕ್ಕಳು ಕೂರುತ್ತಿದ್ದರು. ಪಾಠ ಮುಗಿಯುವಾಗ ಹನ್ನೆರಡೂವರೆ. ಮಕ್ಕಳು ಅಭ್ಯಾಸ ಬಲದಿಂದ ಅಡುಗೆಕೋಣೆಯ ಕಡೆಗೆ ಒಮ್ಮೆ ನೋಡಿ ಮನೆಗೆ ಹೋಗುತ್ತಿದ್ದವು. ಆ ನೋಟ ಅಕ್ಕನಿಗೆ ತಡೆಯಲಾಗಲಿಲ್ಲ. ಒಂದು ದಿನ ಹೆಡ್‌ಮಾಸ್ಟರಿಗೆ ಅಡ್ಡ ನಿಂತರು.

"ಮೇಷ್ಟ್ರೇ, ಪಾಠ ಮರದಡಿಗೆ ಬಂತು. ಊಟ ಎಂತಕ್ಕೆ ಬರ್ಲಿಲ್ಲ?"

"ಅಕ್ಕಿ ಬೇಳೆ ಮನೆಗೇ ಕೊಡ್ತಿದೀವಲ್ಲ ಅಕ್ಕ. ಬೇಯಿಸಿ ಕೊಡಕ್ಕೆ ಆದೇಶ ಇಲ್ಲ."

"ಬೆಳಿಗ್ಗೆ ಕೂಲಿಗೆ ಹೋದ ತಾಯಿ ಹನ್ನೆರಡೂವರೆಗೆ ಬಂದು ಬೇಯಿಸ್ತಾಳಾ? ಆದೇಶ ಬರೆದವ್ರು ಉಂಡು ಬರೆದ್ರಾ, ಉಣ್ಣದೆ ಬರೆದ್ರಾ?"

ಹೆಡ್‌ಮಾಸ್ಟರು ನಕ್ಕು ಜಾರಿಕೊಂಡರು. ಒಂದು ವಾರ ಕಳೆದು ಅವರೇ ಜಗಲಿಗೆ ಬಂದರು. ಮುಖ ಗಂಟಿಕ್ಕಿತ್ತು. ನಾನು ಕ್ಲಾಸಿನಲ್ಲಿದ್ದೆ, ಅಕ್ಕ ಗೋಡೆಗೆ ಎದುರಾಗಿ ನಿಂತಿದ್ದರು.

"ಯಾರೋ ಫೋಟೋ ತೆಗೆದು ಕಳಿಸಿದಾರೆ, ಶಾಲೆಲಿ ಜನ ಸೇರ್ತಾರೆ ಅಂತ. ಮೇಲಿನವ್ರು ನನ್ನ ಕೇಳಿದ್ರು. ಸುತ್ತೋಲೆ ಇದೆ ಅಕ್ಕ, ಹೊರಗಿನವ್ರು ಆವರಣದೊಳಗೆ ಬರಂಗಿಲ್ಲ."

"ಯಾರು ಹೊರಗಿನವ್ರು?"

ಹೆಡ್‌ಮಾಸ್ಟರು ನನ್ನ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. "ಎಲ್ರೂ" ಎಂದರು.

"ನಾನು ಹೊರಗಿನವ್ಳಾ?"

"ಶಾಲೆ ಶುರುವಾಗ ತನಕ ಅಷ್ಟೇ. ಬೀಗದಕೈ ಕೊಡಿ. ಮತ್ತೆ ಈ ಗೋಡೆ ಎಂತ ಅಕ್ಕ ಇದು, ಚಿಕ್ಕ ಮಕ್ಳ ಥರ? ವ್ಯಾಯಾಮ ಮಾಡದಾದ್ರೆ ಮನೇಲೂ ಗೋಡೆ ಇರ್ತದಲ್ಲ."

ಅಕ್ಕ ಸೆರಗಿನ ಗಂಟು ಬಿಚ್ಚಲು ಹೋದರು. ಬಲಗೈಗೆ ಭುಜದ ಹಿಂದಿನ ಸೆರಗು ಸಿಗಲಿಲ್ಲ. ಎಡಗೈ ಒಂದರಲ್ಲೇ ಬಿಚ್ಚಲಾಗಲಿಲ್ಲ. ಹೆಡ್‌ಮಾಸ್ಟರು ಕೈ ನೀಡಿಕೊಂಡು ಕಾಯುತ್ತಲೇ ಇದ್ದರು. ಕೊನೆಗೆ ನಾನು ಗಂಟು ಬಿಚ್ಚಿ ಕೊಟ್ಟೆ. ಐದನೇ ಕ್ಲಾಸಿನಲ್ಲಿ ನಮ್ಮನ್ನು ಎಬ್ಬಿಸಿಕೊಂಡು ಹೋದ ಆ ಹೆಂಗಸಿನ ಬಾಯಿಂದ ಅವತ್ತು ಒಂದು ಬೈಗುಳ ಬರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ಮುಂದಿನ ವಾರ ಆ ಗೋಡೆಗೆ ಸುಣ್ಣ ಹೊಡೆಸಿದರು.

ಮನೆಯಲ್ಲಿ ಗೋಡೆ ಇತ್ತು, ನಿಜ. ನಾನು ಭಾನುವಾರ ಭಾನುವಾರ ಹೋಗಿ ಅಂಗಳದಲ್ಲಿ ನಿಂತು ಕೇಳುತ್ತಿದ್ದೆ, "ಅಕ್ಕ, ಇವತ್ತು ಗೋಡೆ ಹತ್ತಿದ್ರಾ?" ಮೊದಮೊದಲು ಸುಳ್ಳು ಹೇಳಿದರು. ಆಮೇಲೆ ಒಂದು ದಿನ ಹೇಳಿದರು, "ಆ ಗೋಡೆ ಹಿಂದೆ ಒಲೆ ಇತ್ತು ಮಾರಾಯ್ತಿ. ಈ ಗೋಡೆ ಹತ್ತಿ ನಾನು ಎಲ್ಲಿಗೆ ಹೋಗ್ಲಿ?"

ಅದರ ನಂತರ ನಾನು ಕೇಳಲಿಲ್ಲ. ಏನೆಂದು ಕೇಳುವುದು?

ಕುರ್ಚಿ ಗೆದ್ದಿತು. ನೋವು ಭುಜದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಕೂತು ಕೂತು ಮಂಡಿ ಹಿಡಿಯಿತು. ರವಿಕೆಯ ಬಲತೋಳು ಸಡಿಲವಾಗಿ ನೇತಾಡತೊಡಗಿತು. ಸಿಟ್ಟಿನ ರುಚಿಯೂ ಬದಲಾಯಿತು. ಮೊದಲು ಅವರ ಸಿಟ್ಟಿಗೆ ಎದುರುಗಡೆ ಯಾವಾಗಲೂ ಒಂದು ಮಗು ಇರುತ್ತಿತ್ತು, ಹಸಿದದ್ದೋ ಅಳುವುದೋ. ಈಗ ಸಿಟ್ಟು ಸುಮ್ಮನೆ ಬಂತು, ಸಿಕ್ಕಿದವರ ಮೇಲೆ ಬಿತ್ತು. ಸೊಸೆ ಕೊಟ್ಟ ತಟ್ಟೆಯನ್ನು ಒಂದು ದಿನ ಅಂಗಳಕ್ಕೆ ಎಸೆದರು. ಅನ್ನವನ್ನು ಎಸೆದವರು ಅಕ್ಕ ಎಂದು ನನಗೆ ನಂಬಲಾಗಲಿಲ್ಲ. ಮಗ ನನ್ನ ಹತ್ತಿರ ಬೇಜಾರು ತೋಡಿಕೊಂಡ, "ಅಮ್ಮಂಗೆ ಎಂತ ಕಡಿಮೆ ಮಾಡಿದೀವಿ ಹೇಳು? ಕೂತಲ್ಲಿಗೇ ಊಟ ಕೊಡ್ತೀವಿ." ಕೊನೆಯ ಮಗು ತಟ್ಟೆ ತೊಳೆದಿಡುವವರೆಗೆ ಒಂದು ತುತ್ತು ಬಾಯಿಗೆ ಹಾಕದ ಹೆಂಗಸಿಗೆ ಕೂತಲ್ಲಿಗೇ ಊಟ! ಅವನಿಗೆ ಅದು ಶಿಕ್ಷೆ ಎಂದು ಅನಿಸಲೇ ಇಲ್ಲ.

ಎರಡನೇ ಅಲೆಯ ಹೊತ್ತಿಗೆ ಊರಿನಲ್ಲಿ ನಾಲ್ಕಾರು ಮನೆಗೆ ಜ್ವರ ಬಂದು ಹೋಯಿತು. ಅಕ್ಕನಿಗೆ ಬರಲಿಲ್ಲ. ಅಂಗಳದಲ್ಲಿ ಮಾಸ್ಕ್ ಹಾಕಿ ನಿಂತ ನನಗೆ ಕೂಗಿ ಹೇಳಿದರು, "ನಂಗೂ ಬರ್ಲಿ ಕಣೆ. ಅದು ಬಂದ್ರೆ ಹದಿನಾಲ್ಕು ದಿನ ಅಂತೆ. ಇದಕ್ಕೆ ಎಷ್ಟು ದಿನ ಅಂತ ಯಾರಾದ್ರೂ ಹೇಳ್ತಾರಾ?"

2021ರ ಅಕ್ಟೋಬರ್ ಹೊತ್ತಿಗೆ ಬಿಸಿಯೂಟ ಮತ್ತೆ ಶುರುವಾಗುತ್ತದೆ ಎಂಬ ಸುದ್ದಿ ಬಂತು. ಅವತ್ತಿನಿಂದ ಅವರು ಮನೆಯ ಗೋಡೆಯನ್ನೂ ಹತ್ತಿದರು, ಸೊಸೆಯೇ ಹೇಳಿದಳು. ತಡವಾಗಿತ್ತು. ಶುರುವಾದ ದಿನ ಬೆಳಿಗ್ಗೆ ಎಂಟಕ್ಕೆ ಅಕ್ಕ ಅಡುಗೆಕೋಣೆಯ ಬಾಗಿಲಲ್ಲಿದ್ದರು. ನನ್ನನ್ನೂ ಬರಹೇಳಿದ್ದರು. ಒಳಗೆ ಆಗಲೇ ಒಬ್ಬ ಹೊಸ ಹೆಂಗಸು ತರಕಾರಿ ಹೆಚ್ಚುತ್ತಿದ್ದಳು. ಹೆಡ್‌ಮಾಸ್ಟರು ಮೊದಲೇ ಗೊತ್ತು ಮಾಡಿಟ್ಟಿದ್ದರು, ಅಕ್ಕನಿಗೆ ಮಾತ್ರ ಹೇಳಿರಲಿಲ್ಲ.

"ನೋಡನ ಅಕ್ಕ, ಆದ್ರೆ ಮಾಡಿ" ಎಂದರು.

ಅಕ್ಕ ಸೌಟು ತೆಗೆದುಕೊಂಡರು. ಬಲಗೈ ಎದೆಯ ಮಟ್ಟದವರೆಗೆ ಬಂತು. ಅಲ್ಲಿ ನಿಂತಿತು. ತುಟಿ ಕಚ್ಚಿ ಇನ್ನೊಂದು ಸಲ ಎತ್ತಿದರು, ಅಲ್ಲೇ ನಿಂತಿತು. ಸೌಟನ್ನು ಎಡಗೈಗೆ ಬದಲಾಯಿಸಿದರು. ಎಡಗೈಗೆ ಆ ಭಾರದ ಅಭ್ಯಾಸವಿಲ್ಲ, ಸೌಟು ಜಾರಿ ಕುದಿಯುವ ಸಾರು ಒಲೆಯ ಮೇಲೆ ಚೆಲ್ಲಿತು. ಹೊಸ ಹೆಂಗಸು ಓಡಿ ಬಂದು ಸೌಟು ಹಿಡಿದಳು. ಹೆಡ್‌ಮಾಸ್ಟರು ಆಫೀಸಿನಿಂದ ಒಂದು ಕುರ್ಚಿ ತರಿಸಿದರು.

"ಕೂತ್ಕಳಿ ಅಕ್ಕ. ಇಷ್ಟು ವರ್ಷ ಮಾಡಿದೀರಿ. ಕೂತು ಹೇಳ್ಕೊಡಿ ಸಾಕು."

ಅಕ್ಕ ಕುರ್ಚಿಯನ್ನು ನೋಡಿದರು. "ಈ ಕುರ್ಚಿ ಎಲ್ಲ ಕಡೆನೂ ಬಂದ್ಬಿಡ್ತದಲ್ಲ" ಎಂದಷ್ಟೇ ಹೇಳಿ, ಹಿತ್ತಿಲ ಕಡೆಯ ಗೇಟಿನಿಂದ ಹೊರಟುಹೋದರು. ಎದುರಿನಿಂದ ಹೋದರೆ ಮಕ್ಕಳು ಸಿಗುತ್ತಾರೆ ಎಂದಿರಬೇಕು.

ಡಿಸೆಂಬರಿನಲ್ಲಿ ಅವರ ತಮ್ಮ ಬಂದು ತವರುಮನೆಗೆ ಕರೆದುಕೊಂಡು ಹೋದ. ಅದು ಶೃಂಗೇರಿಯಿಂದ ಆಚೆ, ಕೆರೆಕಟ್ಟೆ ಕಡೆ, ದಿನಕ್ಕೆ ಬಸ್ಸು ಬಂದರೆ ಬಂತು ಎನ್ನುವ ಊರು. ಫೋನ್ ಹತ್ತುತ್ತಿರಲಿಲ್ಲ. ತಮ್ಮ ಶೃಂಗೇರಿಗೆ ಬಂದಾಗ ಅಲ್ಲಿಂದ ಅಕ್ಕನ ಮಗನಿಗೆ ಮಾಡುತ್ತಿದ್ದ, "ಅಕ್ಕ ಹಂಗೇ ಇದಾಳೆ" ಎನ್ನುತ್ತಿದ್ದ. ಹಂಗೇ ಎಂದರೆ ಹೇಗೆ ಎಂದು ಕೇಳುವಷ್ಟರಲ್ಲಿ ಕಟ್ ಆಗುತ್ತಿತ್ತು. ಈ ವರ್ಷ ಜುಲೈಯಲ್ಲಿ ಬಂದ ಫೋನು ಅವರು ತೀರಿಕೊಂಡರೆಂದು. ಬೆಳಿಗ್ಗೆ ಎಬ್ಬಿಸಲು ಹೋದಾಗ ಎದ್ದಿರಲಿಲ್ಲ. ಹೃದಯ ನಿಂತದ್ದು ಎಂದರು.

ನಮ್ಮೂರಿನಲ್ಲಿ ಆ ಸುದ್ದಿಗೆ ನಾನು ಕೇಳಿದ ಮೊದಲ ಮಾತು, "ಸದ್ಯ, ಕೊರೊನಾ ಅಲ್ವಲ್ಲ." ಅಂಗಡಿಯಲ್ಲಿ ಒಬ್ಬರು ಹೇಳಿದರು, ಹಾಲಿನ ಡೈರಿಯಲ್ಲಿ ಇನ್ನೊಬ್ಬರು. ಹೆಡ್‌ಮಾಸ್ಟರು ಶಾಲೆಯಲ್ಲಿ ಮೌನ ಆಚರಿಸಿ, "ಎರಡೂ ಅಲೆ ದಾಟಿದ ಗಟ್ಟಿ ಜೀವ" ಎಂದರು. ಮಗ ಅಳುತ್ತ, "ಆ ಕಾಯಿಲೆ ಹತ್ರ ಸುಳಿಯಕ್ಕೆ ಬಿಡ್ಲಿಲ್ಲ ನಾವು" ಎಂದ. ಅವನ ಅಳು ಸುಳ್ಳಲ್ಲ. ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಯಿಲೆಯಿಂದ ಉಳಿಸಿದ್ದೇವೆ ಎಂದು ಎಲ್ಲರೂ ಎದೆ ತಟ್ಟಿಕೊಳ್ಳುತ್ತಿದ್ದಾರೆ. ಯಾರನ್ನು ಉಳಿಸಿದಿರಿ? ಕೈ ಹೋಯಿತು, ನಿದ್ದೆ ಹೋಯಿತು, ಒಲೆ ಹೋಯಿತು, ಬೈಗುಳ ಕೂಡ ಹೋಯಿತು. ಉಳಿದದ್ದಕ್ಕೆ ಉಸಿರಾಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆ ಎರಡು ವರ್ಷ ಕಾಯಿಲೆಯಿಂದ ಸತ್ತವರನ್ನು ಸರ್ಕಾರ ದಿನಾ ಸಂಜೆ ಎಣಿಸಿ ಹೇಳುತ್ತಿತ್ತು. ಕೂರಿಸಿ ಕೂರಿಸಿ ಮುಗಿಸಿದವರನ್ನು ಯಾರು ಎಣಿಸಿದರು?

ಏಳು ವರ್ಷ ನಾನು ಅವರ ಅನ್ನ ಉಂಡಿದ್ದೇನೆ. ನಮ್ಮ ಮನೆಯಲ್ಲಿ ಅಮ್ಮ ಕೂಲಿಗೆ ಹೋಗುತ್ತಿದ್ದ ಕಾಲ ಅದು, ಮಧ್ಯಾಹ್ನ ಒಲೆ ಉರಿಯುತ್ತಿರಲಿಲ್ಲ. ನನ್ನ ಎಲುಬು ಗಟ್ಟಿಯಾದದ್ದು ಆ ಬಲಗೈಯಿಂದ. ಅದನ್ನು ತೀರಿಸುವ ದಾರಿ ಇಲ್ಲ. ಅವರ ಬಗ್ಗೆ ಸುಳ್ಳು ಹರಡದಂತೆ ಬರೆದಿಡುವುದೊಂದೇ ನನ್ನಿಂದ ಆಗುವುದು. ಅದರಲ್ಲೂ ಒಂದು ಕಡೆ ನನಗೆ ಸತ್ಯ ಗೊತ್ತಿಲ್ಲ.

ಹದಿಮೂರನೇ ದಿನದ ಊಟಕ್ಕೆ ಅಕ್ಕನ ಮಗನ ಮನೆಗೆ ಕೆರೆಕಟ್ಟೆ ಕಡೆಯಿಂದ ನೆಂಟರು ಬಂದಿದ್ದರು. ಅವರಲ್ಲಿ ಒಬ್ಬ ಹೆಂಗಸು ನನ್ನ ಪಕ್ಕದಲ್ಲಿ ಕೂತಿದ್ದಳು. ಈ ಮೇ ತಿಂಗಳಲ್ಲಿ ಅವರ ಊರಿನಲ್ಲಿ ಒಂದು ಮದುವೆಯಂತೆ. ಅಡುಗೆಯವನು ಕೈಕೊಟ್ಟನಂತೆ. ಅಕ್ಕ ಸೆರಗು ಸೊಂಟಕ್ಕೆ ಕಟ್ಟಿ ಒಳಗೆ ಹೋದವರು ಇನ್ನೂರು ಜನರ ಪಾಯಸವನ್ನು ಬಲಗೈಯಲ್ಲೇ ತಿರುವಿ ಇಳಿಸಿದರಂತೆ. "ಎಂಥ ಬೈಗುಳ ಮಾರಾಯ್ತಿ, ಗಂಡಿನ ಕಡೆಯವ್ರೂ ಹೆದ್ರಿ ಸಾಲಾಗಿ ಕೂತ್ರು" ಎಂದಳು. ನನಗೆ ಅನ್ನದ ಮುಂದೆ ಅಳು ಬಂತು. ಅಷ್ಟರಲ್ಲಿ ಎದುರು ಸಾಲಿನಲ್ಲಿದ್ದ ಮುದುಕರೊಬ್ಬರು, "ಎಲ್ಲಿಂದ? ಅವಳು ಬಾಗಿಲ ಹತ್ರ ಕೂತು ಬೈತಿದ್ಲು ಅಷ್ಟೆ. ತಿರುವಿದ್ದು ಹುಡುಗ್ರು. ಕೈ ಎಲ್ಲಿ ಏಳ್ತಿತ್ತು ಅವಳಿಗೆ" ಎಂದರು. ಇಬ್ಬರೂ ತಾವು ಕಣ್ಣಾರೆ ಕಂಡದ್ದು ಎಂದು ವಾದಕ್ಕೆ ನಿಂತರು. ಅಕ್ಕನ ತಮ್ಮನನ್ನು ಕೇಳಿದೆ. ಅವನು ಅವತ್ತು ಬಾಳೆಎಲೆ ತರಲು ಶೃಂಗೇರಿಗೆ ಹೋಗಿದ್ದನಂತೆ.

ಆದ್ದರಿಂದ ಕೇಳುತ್ತಿದ್ದೇನೆ. ಕೆರೆಕಟ್ಟೆ ಕಡೆಯ ಆ ಮದುವೆಗೆ ಹೋಗಿದ್ದವರು, ಆ ಪಾಯಸ ಉಂಡವರು ಯಾರಾದರೂ ಇದನ್ನು ಓದಿದರೆ, ಸೌಟು ಯಾರ ಕೈಯಲ್ಲಿತ್ತು ಎಂದು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನನಗೆ ಸಮಾಧಾನವಾಗಲಿ ಎಂದು ಯಾರೂ ಬರೆಯುವುದು ಬೇಡ. ಬಾಗಿಲ ಹತ್ತಿರ ಕೂತಿದ್ದರು ಎಂದಾದರೆ ಅದನ್ನೇ ಬರೆಯಿರಿ. ಕೂರಿಸಿದ್ದು ಯಾರು ಎಂಬುದನ್ನೂ ಬರೆಯಿರಿ.